ನಾರುಗೂಡಿದ ಸಸ್ಯಮೂಲ ಪಾಲಿಯುರೆಥೇನ್ ಫೋಮ್: ಮಂಡ್ಯ ಸೀಮೆಯ ದ್ರವ್ಯಗಳ ಪರಾಮರ್ಶೆ

ಹರಳೆಣ್ಣೆ, ಹೊಂಗೆಯೆಣ್ಣೆ, ಸಕ್ಕರೆ, ಗೇರುಸಿಪ್ಪೆಯ ಎಣ್ಣೆ ಮೊದಲಾದ ಸಸ್ಯಜನ್ಯ ದ್ರವ್ಯಗಳನ್ನು ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕಗಳೊಡನೆ ಸಂಯೋಜಿಸಿ, ಆ ಸಂಯೋಗದ ಕಾಲದಲ್ಲಿ ಹುಟ್ಟುವ ಅನಿಲದಿಂದಲೇ ಉಬ್ಬಿಸಿ, ಉಬ್ಬಿದ ಸ್ಥಿತಿಯಲ್ಲಿಯೇ ಘನೀಭವಿಸುವಂತೆ ಮಾಡಿ, ಆ ಘನದ ಒಡಲಿನಲ್ಲಿ ತೆಂಗಿನ ನಾರು, ಕಬ್ಬಿನ ಸಿಪ್ಪೆ, ಸೆಣಬು ಮುಂತಾದ ನೈಸರ್ಗಿಕ ತಂತುಗಳನ್ನು ಹುದುಗಿಸಿದ ಹಗುರವಾದ ಪದಾರ್ಥಕ್ಕೆ ನಾರುಗೂಡಿದ ಸಸ್ಯಮೂಲ ಪಾಲಿಯುರೆಥೇನ್ ಫೋಮ್ ಎಂದು ಹೆಸರು. ಹಾಸಿಗೆ ಮತ್ತು ವಾಹನದ ಆಸನಗಳಲ್ಲಿರುವ ಮೆದು ಫೋಮ್, ಶೀತಪೆಟ್ಟಿಗೆಯ ಗೋಡೆಗಳಲ್ಲಿ ಅಡಗಿರುವ ಗಡಸು ಫೋಮ್, ಇವೆರಡರ ನಡುವಣ ಅರೆಗಡಸು ಫೋಮ್ ಎಂದು ಮೂರು ಬಗೆಯಾಗಿ ಇದನ್ನು ವಿಂಗಡಿಸುವ ರೂಢಿಯಿದೆ. ಮೂರರಲ್ಲಿಯೂ ಗಾತ್ರದ ಬಹುಭಾಗ ಅನಿಲವೇ ಆಗಿರುತ್ತದೆ: ಘನಮೀಟರಿಗೆ ಸುಮಾರು 1200 ಕಿಲೋಗ್ರಾಂ ತೂಗುವ ಪಾಲಿಯುರೆಥೇನು ಫೋಮಿನ ರೂಪದಲ್ಲಿ 35 ಕಿಲೋಗ್ರಾಮಿಗೆ ಇಳಿದಾಗ, ಅದರ ಗಾತ್ರದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಪದಾರ್ಥ, ಮಿಕ್ಕ ತೊಂಬತ್ತೇಳು ಪಾಲು ಶೂನ್ಯಾವಕಾಶದಂತಿರುವ ಅನಿಲ.

ಈ ಪದಾರ್ಥದ ವಿವೇಚನೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯನ್ನು ನೆಲೆಯಾಗಿ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯೂ, ಅದರಿಂದ ಹೊರಟು ಮೊದಲು ಇರ್ವಿನ್ ಕಾಲುವೆಯೆಂದೂ ಅನಂತರ ವಿಶ್ವೇಶ್ವರಯ್ಯ ಕಾಲುವೆಯೆಂದೂ ಹೆಸರಾದ ನಾಲೆಯೂ ಈ ನೆಲದ ಬೇಸಾಯವನ್ನು ಬುಡಮಟ್ಟ ಬದಲಿಸಿದ ಮೇಲೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದ ಫಲವಾಗಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾಯಿತು; 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ನೀರು ಹರಿದ ಕಡೆ ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆ ಬೆಳೆದುವು. ನಾಲೆಯ ನೀರು ತಲುಪದ ಹಳ್ಳಿಗಳಲ್ಲಿ ರಾಗಿಯ ಹೊಲವೂ, ಆ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳುಗಳೊಡನೆ ನಿಲ್ಲುವ ಹರಳುಗಿಡವೂ, ಬದುವಿನ ಮೇಲಣ ಹೊಂಗೆಯ ಮರವೂ, ಬೇಲಿಯ ಕತ್ತಾಳೆಯೂ ಉಳಿದುವು. ಫೋಮಿಗೆ ಬೇಕಾದ ಎಣ್ಣೆ ಒಣಭೂಮಿಯ ಕಡೆಯಿಂದಲೂ, ಅದಕ್ಕೆ ಸೇರಿಸಬೇಕಾದ ನಾರು ಬಹುಮಟ್ಟಿಗೆ ನೀರಾವರಿಯ ಕಡೆಯಿಂದಲೂ ಬರುವ ಈ ಸಂಯೋಗವು ಒಂದೇ ಜಿಲ್ಲೆಯ ಎಲ್ಲೆಯೊಳಗೆ ಕಾಣಸಿಗುವುದು ಗಮನಾರ್ಹವಾದ ಸಂಗತಿ. ಸಸ್ಯದ್ರವ್ಯದಿಂದ ಕೃತಕ ಪದಾರ್ಥವನ್ನು ತಯಾರಿಸುವ ಉದ್ಯಮವೂ ಈ ಊರಿಗೆ ಹೊಸತಲ್ಲ. ಮರದ ಸೆಲ್ಯುಲೋಸಿನಿಂದ ಪಡೆಯುವ ಸೆಲ್ಯುಲೋಸ್ ಅಸಿಟೇಟನ್ನು ತಯಾರಿಸುತ್ತಿದ್ದ ಮೈಸೂರು ಅಸಿಟೇಟ್ ಮತ್ತು ಕೆಮಿಕಲ್ಸ್ ಕಂಪನಿಯ ಕಾರ್ಖಾನೆಯು ಮಂಡ್ಯದಲ್ಲಿ ಬಹುಕಾಲ ನಡೆದು ಅನಂತರ ಮುಚ್ಚಿಹೋಯಿತು.

ಪಾಲಿಯುರೆಥೇನಿನ ರಸಾಯನಕ್ರಿಯೆಯನ್ನು 1937ರಲ್ಲಿ ಜರ್ಮನಿಯ ಲೆವರ್‌ಕೂಸನ್ನಿನಲ್ಲಿ ಒಟ್ಟೊ ಬೇಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಐಸೊಸಯನೇಟಿನ ಅಣುವಿನಲ್ಲಿ ಸಾರಜನಕ, ಇಂಗಾಲ, ಆಮ್ಲಜನಕಗಳು ಒಂದರ ಬೆನ್ನಿಗೊಂದು ಸೇರಿದ ಅತ್ಯಂತ ಚುರುಕಾದ ಗುಂಪೊಂದಿದೆ. ಜಲಜನಕ ಮತ್ತು ಆಮ್ಲಜನಕಗಳು ಕೂಡಿದ ಹೈಡ್ರಾಕ್ಸಿಲ್ ಗುಂಪನ್ನು ಅದು ಸಂಧಿಸಿದಾಗ ಎರಡೂ ಸೇರಿ ಯುರೆಥೇನ್ ಬಂಧವಾಗುತ್ತದೆ; ಒಂದೊಂದು ಅಣುವಿನಲ್ಲಿಯೂ ಇಂತಹ ಗುಂಪುಗಳು ಎರಡೋ ಮೂರೋ ಇದ್ದುವಾದರೆ ಬಂಧದಿಂದ ಬಂಧಕ್ಕೆ ಬಲೆಯು ಬೆಳೆಯುತ್ತದೆ. ಹಲವು ಹೈಡ್ರಾಕ್ಸಿಲ್ ಗುಂಪುಗಳನ್ನು ಹೊತ್ತ ದ್ರವಕ್ಕೆ ಪಾಲಿಯಾಲ್ ಎಂದು ಹೆಸರು. ನೀರಿನ ಅಣುವೂ ಐಸೊಸಯನೇಟಿನೊಡನೆ ಕೂಡುತ್ತದೆ, ಆದರೆ ಆ ಕೂಟದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವು ಬಿಡುಗಡೆಯಾಗುತ್ತದೆ. ಈ ಅನಿಲವೇ ದ್ರವವನ್ನು ಉಬ್ಬಿಸುವುದು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆಯೇರಿ ಮತ್ತೆ ಇಳಿಯುವುದನ್ನು ಕಂಡವರು ಈ ಕ್ರಿಯೆಯ ಪೂರ್ವಾರ್ಧವನ್ನು ಚೆನ್ನಾಗಿ ಊಹಿಸಿಕೊಳ್ಳಬಲ್ಲರು. ಉತ್ತರಾರ್ಧದಲ್ಲಿ ಮಾತ್ರ ಭೇದವಿದೆ: ಇಲ್ಲಿ ನೊರೆಯು ಏರುತ್ತಿರುವಾಗಲೇ ಗುಳ್ಳೆಗಳ ಗೋಡೆಗಳು ಬಲಿತು, ಕೆಲವೇ ನಿಮಿಷಗಳಲ್ಲಿ, ಇಳಿಯದಂತೆ ನಿಂತುಬಿಡುತ್ತದೆ. ಉಬ್ಬುವ ವೇಗವೂ ಗಟ್ಟಿಯಾಗುವ ವೇಗವೂ ಪರಸ್ಪರ ಹೊಂದಿಕೊಳ್ಳಬೇಕೆಂಬುದೇ ಫೋಮಿನ ತಯಾರಿಕೆಯ ಮರ್ಮ. ಅಮೀನ್ ಮತ್ತು ತವರದ ವೇಗವರ್ಧಕಗಳನ್ನೂ, ಗುಳ್ಳೆಗಳನ್ನು ಸಮವಾಗಿ ಕಾಪಾಡುವ ಸಿಲಿಕೋನ್ ದ್ರವವನ್ನೂ ಅಲ್ಪ ಪ್ರಮಾಣದಲ್ಲಿ ಬೆರೆಸುವುದು ಈ ಹೊಂದಾಣಿಕೆಗಾಗಿಯೇ.

ಸಾಮಾನ್ಯ ಫೋಮಿನಲ್ಲಿ ಪಾಲಿಯಾಲ್ ಪೆಟ್ರೋಲಿಯಂನಿಂದ ಬರುತ್ತದೆ. ಸಸ್ಯಮೂಲ ಫೋಮಿನ ಹಿರಿಮೆಯೆಲ್ಲ ಆ ಸ್ಥಾನದಲ್ಲಿ ಗಿಡದ ಎಣ್ಣೆಯನ್ನು ನಿಲ್ಲಿಸುವುದರಲ್ಲಿದೆ. ಈ ಕಾರ್ಯಕ್ಕೆ ಹರಳೆಣ್ಣೆಯಷ್ಟು ಸಹಜವಾಗಿ ಸಿದ್ಧವಾಗಿರುವ ಎಣ್ಣೆ ಇನ್ನೊಂದಿಲ್ಲ. ಅದರ ಮೇದಾಮ್ಲಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ರಿಸಿನೊಲಿಯಿಕ್ ಆಮ್ಲವಿದ್ದು, ಹದಿನೆಂಟು ಇಂಗಾಲಗಳ ಆ ಸರಪಳಿಯ ಹನ್ನೆರಡನೆಯ ಇಂಗಾಲದ ಮೇಲೆ ಪ್ರಕೃತಿಯೇ ಹೈಡ್ರಾಕ್ಸಿಲ್ ಗುಂಪನ್ನು ಇರಿಸಿದೆ. ಒಂದು ಅಣುವಿಗೆ ಸರಾಸರಿ 2.7 ಗುಂಪುಗಳಾಗುವುದರಿಂದ ಗಾಣದಿಂದ ಬಂದ ಎಣ್ಣೆಯನ್ನು ಶೋಧಿಸಿ, ತೇವ ತೆಗೆದು, ನೇರವಾಗಿ ಪಾಲಿಯಾಲ್ ಆಗಿ ಬಳಸಬಹುದು. ಹರಳುಬೀಜದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಎಣ್ಣೆಯಿರುತ್ತದೆ. ಜಗತ್ತಿನ ಹರಳಿನ ಬಹುಪಾಲನ್ನು ಭಾರತವೇ, ಅದರಲ್ಲಿಯೂ ಗುಜರಾತು, ಬೆಳೆಯುತ್ತದೆ. ಹಳೆಯ ಮೈಸೂರಿನ ಅಕ್ಕಡಿ ಸಾಲಿನ ಹರಳು ಪ್ರಮಾಣದಲ್ಲಿ ಅದಕ್ಕೆ ಸಮವಲ್ಲವಾದರೂ, ಮುಖ್ಯ ಬೆಳೆಯ ನೆಲವನ್ನು ಕಸಿಯದೆ ಬೆಳೆಯುವ ಗುಣ ಅದಕ್ಕಿದೆ. ಅನ್ನದ ನೆಲದಲ್ಲಿ ಕೈಗಾರಿಕೆಯ ಎಣ್ಣೆಯನ್ನು ಬೆಳೆಯಬಾರದೆಂಬ ಆಕ್ಷೇಪಕ್ಕೆ ಅದಕ್ಕಿಂತ ಒಳ್ಳೆಯ ಸಮಾಧಾನ ದೊರೆಯಲಾರದು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ರಿಸಿನ್ ಎಂಬ ಘೋರವಾದ ವಿಷವಿರುವುದರಿಂದ ಅದು ದನಗಳ ಮೇವಾಗದೆ ಗೊಬ್ಬರವಾಗಿ ಹೊಲಕ್ಕೆ ಹಿಂದಿರುಗುತ್ತದೆ.

ಇಷ್ಟಾದರೂ ಸಸ್ಯಮೂಲವೆಂಬ ವಿಶೇಷಣವನ್ನು ಲೆಕ್ಕವಿಟ್ಟು ಬಳಸಬೇಕು. ಹೈಡ್ರಾಕ್ಸಿಲ್ ಗುಂಪುಗಳ ದಟ್ಟಣೆಯನ್ನು ಸೂಚಿಸುವ ಹೈಡ್ರಾಕ್ಸಿಲ್ ಮೌಲ್ಯ ಹರಳೆಣ್ಣೆಗೆ ಸುಮಾರು 160. ಅಂದರೆ 350 ಗ್ರಾಂ ಎಣ್ಣೆಯಲ್ಲಿ ಒಂದು ತುಲ್ಯಾಂಕದಷ್ಟು ಗುಂಪುಗಳಿರುತ್ತವೆ. ನೂರು ಭಾಗ ಎಣ್ಣೆಗೆ ಮೂರು ಭಾಗ ನೀರನ್ನು ಸೇರಿಸಿ ಫೋಮ್ ಮಾಡಬೇಕಾದರೆ, ಎಂಡಿಐ ಎಂದು ಸಂಕ್ಷೇಪವಾಗಿ ಕರೆಯುವ ಡೈಐಸೊಸಯನೇಟು ಸುಮಾರು 84 ಭಾಗ ಬೇಕಾಗುತ್ತದೆ. ಈ ಎಂಡಿಐ ಅನಿಲೀನ್ ಮತ್ತು ಫಾಸ್ಜೀನುಗಳಿಂದ, ಅಂದರೆ ಕಟ್ಟಕಡೆಗೆ ಪೆಟ್ರೋಲಿಯಂನಿಂದಲೇ, ಬರುವಂಥದು. ಆದಕಾರಣ ಹೀಗೆ ತಯಾರಾದ ಫೋಮಿನಲ್ಲಿ ಸಸ್ಯದ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಹೈಡ್ರಾಕ್ಸಿಲ್ ಗುಂಪುಗಳು ದಟ್ಟವಾಗಿರುವ ಪಾಲಿಯಾಲ್ ಬೇಡುವ ಗಡಸು ಫೋಮಿನಲ್ಲಿ ಐಸೊಸಯನೇಟು ಇನ್ನೂ ಏರಿ, ಸಸ್ಯದ ಪಾಲು ನೂರಕ್ಕೆ ನಲವತ್ತರ ಆಸುಪಾಸಿಗೆ ಇಳಿಯುತ್ತದೆ. ಮಾರಾಟಗಾರರ ಪತ್ರಗಳಲ್ಲಿ ಹಸಿರೆಲೆಯ ಚಿತ್ರದೊಡನೆ ಬರುವ ಘೋಷಣೆಗಳನ್ನು ಓದುವವರು ಈ ಸರಳ ಗಣಿತವನ್ನು ಮನಸ್ಸಿನಲ್ಲಿಟ್ಟಿರುವುದು ಒಳ್ಳೆಯದು. ಐಸೊಸಯನೇಟನ್ನೇ ಬಿಟ್ಟು, ಎಣ್ಣೆಯಿಂದ ಪಡೆದ ಚಕ್ರೀಯ ಕಾರ್ಬೊನೇಟುಗಳನ್ನು ಅಮೀನುಗಳೊಡನೆ ಕೂಡಿಸಿ ಯುರೆಥೇನ್ ಬಂಧವನ್ನು ಪಡೆಯುವ ಮಾರ್ಗವೊಂದುಂಟು. ಅದರ ವೇಗ ಮಂದವಾದುದರಿಂದ ಫೋಮಿನ ತಯಾರಿಕೆಗೆ ಅದು ಇನ್ನೂ ಸುಲಭವಾಗಿ ಒಗ್ಗಿಲ್ಲ.

ಇತರ ಎಣ್ಣೆಗಳಿಗೆ ಹೈಡ್ರಾಕ್ಸಿಲ್ ಗುಂಪನ್ನು ಹೊರಗಿನಿಂದ ಜೋಡಿಸಬೇಕಾಗುತ್ತದೆ. ಸೋಯಾ ಎಣ್ಣೆಯ ದ್ವಿಬಂಧಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸಾವಯವ ಆಮ್ಲಗಳಿಂದ ಎಪಾಕ್ಸೈಡುಗಳಾಗಿ ಮಾರ್ಪಡಿಸಿ, ಆ ಉಂಗುರಗಳನ್ನು ಮೆಥನಾಲಿನಿಂದ ತೆರೆಯುವುದು ಪ್ರಸಿದ್ಧವಾದ ವಿಧಾನ. ಇಂತಹ ಫೋಮನ್ನು ಅಮೆರಿಕದ ಫೋರ್ಡ್ ಕಂಪನಿ 2008ರ ಮಾದರಿಯ ಮಸ್ಟಾಂಗ್ ಕಾರಿನ ಆಸನಗಳಲ್ಲಿ ಬಳಸಿತು. ಹೊಂಗೆಯೆಣ್ಣೆಯಲ್ಲಿಯೂ ಓಲಿಯಿಕ್ ಆಮ್ಲವು ಪ್ರಧಾನವಾಗಿರುವುದರಿಂದ ಇದೇ ಸಂಸ್ಕಾರಕ್ಕೆ ಅದು ಒಳಪಡಬಲ್ಲುದು, ಆದರೆ ಕರಂಜಿನ್ ಮೊದಲಾದ ಕಹಿದ್ರವ್ಯಗಳನ್ನೂ ಬಣ್ಣವನ್ನೂ ವಾಸನೆಯನ್ನೂ ಮೊದಲು ಕಳೆಯಬೇಕು. ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆಯಿಂದ ದೊರೆಯುವ ಎಣ್ಣೆಯನ್ನು ಕಾಯಿಸಿದಾಗ ಬರುವ ಕಾರ್ಡನಾಲು, ತನ್ನ ಉಂಗುರರಚನೆಯ ಬಲದಿಂದ ಗಡಸು ಫೋಮಿಗೆ ಉಪಯುಕ್ತವಾಗಿದೆ. ಸಕ್ಕರೆಯ ಸಂಬಂಧವಂತೂ ಮಂಡ್ಯದ ಓದುಗರಿಗೆ ಕುತೂಹಲಕರವಾದುದು. ಸುಕ್ರೋಸಿನ ಒಂದೊಂದು ಅಣುವಿನಲ್ಲಿಯೂ ಎಂಟು ಹೈಡ್ರಾಕ್ಸಿಲ್ ಗುಂಪುಗಳಿದ್ದು, ಗಡಸು ಫೋಮಿನ ಪಾಲಿಯಾಲ್‌ಗಳ ತಯಾರಿಕೆಯಲ್ಲಿ ಅದನ್ನು ತಿರುಳಾಗಿ ಇರಿಸಿ ಸುತ್ತ ಪ್ರೊಪಿಲೀನ್ ಆಕ್ಸೈಡಿನ ಸರಪಳಿಗಳನ್ನು ಬೆಳೆಸುವುದು ಬಹುಕಾಲದಿಂದ ಜಗತ್ತಿನಾದ್ಯಂತ ನಡೆದುಬಂದಿದೆ. ಮನೆಮನೆಯ ಶೀತಪೆಟ್ಟಿಗೆಯ ಗೋಡೆಗಳಲ್ಲಿ ಹೀಗೆ ಸಕ್ಕರೆಯ ಅಂಶ ಸೇರಿಕೊಂಡಿರುತ್ತದೆ. ಕಾಕಂಬಿಯಿಂದ ಮದ್ಯಸಾರ, ಮದ್ಯಸಾರದಿಂದ ಎಥಿಲೀನ್, ಅದರಿಂದ ಎಥಿಲೀನ್ ಆಕ್ಸೈಡ್ ಮತ್ತು ಗ್ಲೈಕೋಲುಗಳನ್ನು ಪಡೆಯುವ ಕ್ರಮವನ್ನು ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕೋಲ್ಸ್ ಸಂಸ್ಥೆ ಕೈಗಾರಿಕಾ ಪ್ರಮಾಣದಲ್ಲಿ ನಡೆಸಿ ತೋರಿಸಿದೆ. ಕಾಕಂಬಿಯ ಬೀಡಾದ ಮಂಡ್ಯಕ್ಕೆ ಈ ದಾರಿ ಹರಳೆಣ್ಣೆಗಿಂತ ದೂರದ್ದಾದರೂ ಅಲಕ್ಷಿಸತಕ್ಕದ್ದಲ್ಲ.

ಹರಳೆಣ್ಣೆಯ ಪಾಲಿಯುರೆಥೇನನ್ನು ಕುರಿತ ಸಂಶೋಧನೆಗೆ ಮಂಡ್ಯದ ನೆರೆಯ ಮೈಸೂರು ಒಂದು ಮುಖ್ಯ ನೆಲೆ. ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಪಾಲಿಮರ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕ ಸಿದ್ದರಾಮಯ್ಯನವರೂ ಅವರ ಸಹೋದ್ಯೋಗಿಗಳೂ ಹರಳೆಣ್ಣೆಯ ಪಾಲಿಯುರೆಥೇನಿನ ಬಲೆಯೊಳಗೆ ಬೇರೆ ಪಾಲಿಮರುಗಳ ಬಲೆಯನ್ನು ಹೆಣೆದು ಪಡೆದ ಮಿಶ್ರಣಗಳನ್ನೂ, ಪಿಷ್ಟದಂತಹ ಸಸ್ಯಜನ್ಯ ಪುಡಿಗಳನ್ನು ತುಂಬಿದ ಪಾಲಿಯುರೆಥೇನನ್ನೂ, ಪಾಲಿಯುರೆಥೇನ್ ಲೇಪಿಸಿದ ಬಿದಿರಿನ ನಾರಿನ ಕರ್ಷಣಬಲವನ್ನೂ ಅಭ್ಯಸಿಸಿ, ಅನೇಕ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಅವೆಲ್ಲ ಫೋಮಿಗೇ ಮೀಸಲಾದ ಅಧ್ಯಯನಗಳಲ್ಲವಾದರೂ ಎಣ್ಣೆ, ಯುರೆಥೇನ್ ಬಂಧ, ನಾರಿನ ಮೇಲ್ಮೈ ಈ ಮೂರರ ಪರಸ್ಪರ ವರ್ತನೆಯನ್ನು ತಿಳಿಯುವುದಕ್ಕೆ ಆಧಾರವಾಗಿವೆ. ಪ್ಲಾಸ್ಟಿಕ್ ತಂತ್ರಜ್ಞಾನದ ತರಬೇತಿಯನ್ನೂ ಪರೀಕ್ಷೆಯನ್ನೂ ನಡೆಸುವ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಶಾಖೆಯೂ ಮೈಸೂರಿನಲ್ಲಿದೆ.

ಇನ್ನು ನಾರಿನ ವಿಚಾರ. ಈ ಸೀಮೆಯ ನಾರುಗಳಲ್ಲಿ ತೆಂಗಿನದು ಪ್ರಧಾನ. ಒಂದು ತೆಂಗಿನ ಮಟ್ಟೆಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ನಾರು, ಉಳಿದೆರಡು ಪಾಲು ನಾರಿನ ನಡುವಣ ಹೊಟ್ಟು. ನಾರಿನಲ್ಲಿ ಲಿಗ್ನಿನ್ ನೂರಕ್ಕೆ ನಲವತ್ತಕ್ಕೂ ಮೇಲಾಗಿರುವುದರಿಂದ ಅದು ನೀರಿನಲ್ಲಿ ಬೇಗ ಕೊಳೆಯದು. ಸೆಲ್ಯುಲೋಸಿನ ಸೂಕ್ಷ್ಮತಂತುಗಳು ನಾರಿನ ಅಕ್ಷಕ್ಕೆ 30ರಿಂದ 49 ಡಿಗ್ರಿಗಳಷ್ಟು ಓರೆಯಾಗಿ ಸುತ್ತಿಕೊಂಡಿರುವುದರಿಂದ, ಸೆಣಬು ಅಥವಾ ಅಗಸೆಯ ನಾರಿನಷ್ಟು ಬಲ ಅದಕ್ಕಿಲ್ಲ. ಆದರೆ ತನ್ನ ಉದ್ದದ ಐದನೆಯ ಒಂದು ಪಾಲಿಗೂ ಮಿಕ್ಕು ಹಿಗ್ಗಿ ಆಮೇಲೆ ಹರಿಯುವ ತಾಳ್ಮೆ ಅದಕ್ಕುಂಟು. ಆಘಾತವನ್ನು ನುಂಗಬೇಕಾದ ಪದಾರ್ಥಕ್ಕೆ ಈ ತಾಳ್ಮೆಯೇ ಗುಣ. ನಾರು ಉದ್ಯಮದ ಮೇಲ್ವಿಚಾರಣೆಗಾಗಿ 1953ರ ಕಾಯಿದೆಯ ಮೇರೆಗೆ ಏರ್ಪಟ್ಟ ಕಾಯರ್ ಬೋರ್ಡಿನ ತಂತ್ರಜ್ಞಾನ ಸಂಸ್ಥೆಯೊಂದು ಬೆಂಗಳೂರಿನ ಪೀಣ್ಯದಲ್ಲಿದೆ.

ಮದ್ದೂರಿನ ಎಳನೀರಿನ ಮಾರುಕಟ್ಟೆಯು ಏಷ್ಯದಲ್ಲಿಯೇ ದೊಡ್ಡವುಗಳಲ್ಲೊಂದೆಂದು ಹೆಸರಾಗಿದೆ. ಅಲ್ಲಿಂದ ಲಾರಿಗಟ್ಟಲೆ ಎಳನೀರು ಮುಂಬಯಿ, ದೆಹಲಿಗಳಂತಹ ದೂರದ ನಗರಗಳಿಗೆ ಹೋಗುವಾಗ ಕಾಯಿಯೊಡನೆ ಮಟ್ಟೆಯೂ ಹೋಗುತ್ತದೆ. ಮದ್ದೂರಿನ ನೆಲದ ಸಾರದಿಂದ ಬೆಳೆದ ಆ ನಾರು ಪರನಗರದ ಕಸದ ರಾಶಿಯಲ್ಲಿ ಕೊನೆಗಾಣುತ್ತದೆ. ಊರಿನಲ್ಲಿಯೇ ಎಳನೀರನ್ನು ತೆಗೆದು ಬಾಟಲಿಗೆ ತುಂಬಿ ಕಳುಹಿಸುವ ಪದ್ಧತಿ ಬೆಳೆದಷ್ಟೂ ಮಟ್ಟೆ ಇಲ್ಲಿಯೇ ಉಳಿಯುತ್ತದೆ, ಮತ್ತು ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಇಲ್ಲಿಯೇ ಉಳಿಯುತ್ತದೆ. ಎಳೆಯ ಮಟ್ಟೆಯ ನಾರು ಬಲಿತ ಕಾಯಿಯ ಕಂದು ನಾರಿನಂತಲ್ಲ. ಅದರ ಲಿಗ್ನಿನ್ ಇನ್ನೂ ಪೂರ್ಣವಾಗಿ ಕೂಡಿಕೊಂಡಿರುವುದಿಲ್ಲ. ತೂಕದ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕು ನೀರೇ ಇರುತ್ತದೆ. ಹಾಗಿದ್ದೂ ಫೋಮಿನಲ್ಲಿ ಹುದುಗಿಸುವುದಕ್ಕೆ ಉದ್ದವಾದ, ಹುರಿಗೊಳ್ಳಬಲ್ಲ ನಾರೇ ಬೇಕೆಂಬ ನಿಯಮವಿಲ್ಲದಿರುವುದರಿಂದ, ಹಗ್ಗಕ್ಕೆ ಒದಗದ ಈ ನಾರು ಫೋಮಿಗೆ ಒದಗೀತು. ಈ ಸೀಮೆಯಲ್ಲಿ ಫೋಮಿನ ಪ್ರಯೋಗವನ್ನು ಕೈಗೊಳ್ಳುವವರು ಮೊದಲು ನೋಡಬೇಕಾದ ದ್ರವ್ಯ ಇದೇ ಎಂದು ನನಗೆ ತೋರುತ್ತದೆ.

ಕಬ್ಬಿನ ಸಿಪ್ಪೆಯನ್ನು ಕುರಿತು ಹಾಗೆ ಹೇಳಲು ಬಾರದು. ಒಂದು ಟನ್ ಕಬ್ಬನ್ನು ಅರೆದಾಗ 280ರಿಂದ 300 ಕಿಲೋಗ್ರಾಂ ಹಸಿ ಸಿಪ್ಪೆ ಬರುವುದಾದರೂ ಅದು ಯಾರಿಗೂ ಬೇಡವಾದ ಕಸವಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಭಾರತೀನಗರಗಳ ಕಾರ್ಖಾನೆಗಳಂತಹ ಕಡೆ ಅದು ಬಾಯ್ಲರಿಗೆ ಉರುವಲು; ಆಲೆಮನೆಗಳಲ್ಲಿ, ಅಂಗಳದಲ್ಲಿ ಹರಡಿ ಒಣಗಿಸಿದ ಸಿಪ್ಪೆಯಿಂದಲೇ ಕೊಪ್ಪರಿಗೆಯ ಒಲೆ ಉರಿಯುತ್ತದೆ. ಅದನ್ನು ಫೋಮಿಗೆ ತಿರುಗಿಸಿದರೆ ಒಲೆಗೆ ಬೇರೆ ಸೌದೆಯನ್ನು ಹುಡುಕಬೇಕು. ಹೊಲದಲ್ಲಿ ಬಿಟ್ಟು ಸುಡುವ ಕಬ್ಬಿನ ತರಗು ಮತ್ತು ತೆಂಗಿನ ಗರಿಗಳಿಗೂ ಬೇಡಿಕೆ ಹುಟ್ಟಬಹುದೆಂಬುದನ್ನು ಮಳವಳ್ಳಿ ತಾಲ್ಲೂಕು ತೋರಿಸಿಕೊಟ್ಟಿದೆ: 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ಆ ತಾಲ್ಲೂಕಿನಲ್ಲಿ, ಒಂದು ಶತಮಾನ ಕಳೆದ ಮೇಲೆ, ಇಂತಹ ಹಗುರವಾದ ಕೃಷಿಶೇಷಗಳನ್ನೇ ಉರಿಸುವ 4.5 ಮೆಗಾವಾಟಿನ ವಿದ್ಯುತ್ ಸ್ಥಾವರವೊಂದು ನೆಲೆಗೊಂಡಿತು. ಸಿಪ್ಪೆಯ ಸದ್ಗುಣವೆಂದರೆ ಅದನ್ನು ನುಣ್ಣಗೆ ಅರೆಯಬಹುದು. ಗ್ಲಿಸರಿನ್ ಅಥವಾ ಗ್ಲೈಕೋಲುಗಳಲ್ಲಿ ಗಂಧಕಾಮ್ಲದ ಸಹಾಯದಿಂದ ಸುಮಾರು 150 ಡಿಗ್ರಿ ಉಷ್ಣತೆಯಲ್ಲಿ ಕಾಯಿಸಿ ದ್ರವವಾಗಿಸಿದರೆ ಅದೇ ಪಾಲಿಯಾಲ್ ಆಗಿಯೂ ಮಾರ್ಪಡುತ್ತದೆ. ಆಗ ನಾರಿಗೂ ಎಣ್ಣೆಗೂ ಭೇದವೇ ಉಳಿಯದು.

ಗದ್ದೆಗಳಲ್ಲಿ ಹಸಿರುಗೊಬ್ಬರಕ್ಕೆಂದು ಬಿತ್ತುವ ಅಪ್ಸೆಣಬು, ಬೇಲಿಯ ಕತ್ತಾಳೆ, ಬಾಳೆಯ ದಿಂಡು, ರೇಷ್ಮೆಹುಳುವಿಗೆ ಸೊಪ್ಪು ಕೊಟ್ಟ ಮೇಲೆ ಉಳಿಯುವ ಹಿಪ್ಪುನೇರಳೆಯ ಕಡ್ಡಿಯ ತೊಗಟೆ ಇವುಗಳಲ್ಲಿಯೂ ಒಳ್ಳೆಯ ನಾರುಂಟು. ಬಲದಲ್ಲಿ ಇವು ತೆಂಗಿನ ನಾರನ್ನು ಮೀರಿಸುತ್ತವೆ. ಬಿಡಿಸುವ ಶ್ರಮ ಮಾತ್ರ ಅಧಿಕ.

ನಾರನ್ನು ಫೋಮಿನೊಳಗೆ ಸೇರಿಸುವುದರಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ನೀರಿನದು. ಗಾಳಿಯಲ್ಲಿ ಒಣಗಿದಂತೆ ತೋರುವ ತೆಂಗಿನ ನಾರಿನಲ್ಲಿಯೂ ನೂರಕ್ಕೆ ಹತ್ತರಷ್ಟು ತೇವ ಅಡಗಿರುವುದು ಸಾಮಾನ್ಯ. ಮೇಲೆ ಹೇಳಿದ ನೂರು ಭಾಗ ಹರಳೆಣ್ಣೆಯ ಮಿಶ್ರಣಕ್ಕೆ ಇಂತಹ ನಾರನ್ನು ಹತ್ತು ಭಾಗ ಸೇರಿಸಿದರೆ, ಅದರೊಡನೆ ಒಂದು ಭಾಗ ನೀರು ಗೊತ್ತಿಲ್ಲದಂತೆ ಒಳಸೇರುತ್ತದೆ. ಆ ಒಂದು ಭಾಗವು 15 ಭಾಗ ಎಂಡಿಐಯನ್ನು ತಾನೇ ಕಬಳಿಸುತ್ತದೆ. ನೀರಿನ ಒಂದೊಂದು ಗ್ರಾಮಿನಿಂದಲೂ ಒಂದು ಲೀಟರಿಗೆ ಮೀರಿದ ಅನಿಲ ಹುಟ್ಟುತ್ತದೆ. ತತ್ಪರಿಣಾಮವಾಗಿ ನಾರಿನ ಸುತ್ತಲಿನ ಗುಳ್ಳೆಗಳು ಅಳತೆಮೀರಿ ಉಬ್ಬಿ ಒಡೆಯುತ್ತವೆ, ಎಣ್ಣೆಯೊಡನೆ ಕೂಡಬೇಕಾಗಿದ್ದ ಐಸೊಸಯನೇಟು ನೀರಿನ ಪಾಲಾಗಿ ಯುರೆಥೇನಿನ ಬಲೆ ಅಪೂರ್ಣವಾಗುತ್ತದೆ, ಮತ್ತು ಬಲ ಹೆಚ್ಚಿಸಲೆಂದು ಹಾಕಿದ ನಾರೇ ದುರ್ಬಲತೆಯ ರೇಖೆಯಾಗಿ ಪರಿಣಮಿಸುತ್ತದೆ. ಅಳತೆಯಿಟ್ಟು ಹಾಕಿದ ಮೂರು ಭಾಗ ನೀರು ಫೋಮನ್ನು ಹುಟ್ಟಿಸುವಂತೆ, ಅಳತೆಗೆ ಸಿಗದ ಒಂದು ಭಾಗ ನೀರು ಅದನ್ನು ಕೆಡಿಸುತ್ತದೆ. ನಾಲೆಯ ನೀರಿನಿಂದ ಬಾಳುವ, ಕಬ್ಬು ಅರೆಯುವ ಋತುವಿನಲ್ಲಿ ಮುಂಜಾನೆಯ ಇಬ್ಬನಿಯೂ ಉಳಿದ ಕಾಲದಲ್ಲಿ ಮಳೆಯ ತೇವವೂ ತುಂಬಿರುವ ಈ ಸೀಮೆಯಲ್ಲಿ, ನಾರು ಯಥೇಚ್ಛವಾಗಿದೆಯೆಂಬ ಸಂತೋಷಕ್ಕಿಂತ ಅದನ್ನು ಒಣಗಿಸುವುದೆಂತೆಂಬ ಚಿಂತೆಯೇ ಮೊದಲಾಗಬೇಕು. 100 ಡಿಗ್ರಿಗಿಂತ ಸ್ವಲ್ಪ ಮೇಲಿನ ಉಷ್ಣತೆಯಲ್ಲಿ ಹಲವು ಗಂಟೆಗಳ ಕಾಲ ಒಣಗಿಸಿ, ತೇವವನ್ನು ನೂರಕ್ಕೆ ಒಂದೆರಡಕ್ಕೆ ಇಳಿಸಿ, ಗಾಳಿಯಾಡದ ಚೀಲಗಳಲ್ಲಿ ಮುಚ್ಚಿಟ್ಟು, ಬಿಚ್ಚಿದೊಡನೆ ಬಳಸುವುದೊಂದೇ ನಂಬತಕ್ಕ ಕ್ರಮ. ನಾರಿನ ಬೆಲೆಯಲ್ಲಿ ಬಹುಪಾಲು ಈ ಒಣಗಿಸುವಿಕೆಯ ಬೆಲೆಯೇ ಆದೀತೆಂಬುದನ್ನು ಯೋಜನೆಗಳನ್ನು ಬರೆಯುವವರು ಮರೆಯುವುದುಂಟು.

ಒಣಗಿದ ಮೇಲೂ ನಾರಿನ ಮೇಲ್ಮೈಯಲ್ಲಿ ಮೇಣದಂತಹ ಪೊರೆಯೂ ಹೊಟ್ಟಿನ ಕಣಗಳೂ ಅಂಟಿಕೊಂಡಿರುತ್ತವೆ. ನೂರಕ್ಕೆ ಐದರಷ್ಟು ಕಾಸ್ಟಿಕ್ ಸೋಡದ ದ್ರಾವಣದಲ್ಲಿ ನೆನೆಸಿ, ಕ್ಷಾರವೆಲ್ಲ ಹೋಗುವಂತೆ ತೊಳೆದರೆ ಮೇಲ್ಮೈ ಒರಟಾಗಿ ಪಾಲಿಮರಿಗೆ ಹಿಡಿತ ಸಿಗುತ್ತದೆ. ಸೆಲ್ಯುಲೋಸಿನ ಹೈಡ್ರಾಕ್ಸಿಲ್ ಗುಂಪುಗಳು ತಾವೂ ಐಸೊಸಯನೇಟಿನೊಡನೆ ಕೂಡಬಲ್ಲವಾದುದರಿಂದ, ಬೇರೆ ಪ್ಲಾಸ್ಟಿಕ್ಕುಗಳಲ್ಲಿ ಕಷ್ಟಸಾಧ್ಯವಾದ ರಾಸಾಯನಿಕ ಬೆಸುಗೆ ಇಲ್ಲಿ ಸಹಜವಾಗಿಯೇ ಒದಗುತ್ತದೆ. ಪಾಲಿಯುರೆಥೇನೂ ಸಸ್ಯದ ನಾರೂ ಒಂದಕ್ಕೊಂದು ಒಪ್ಪುವುದಕ್ಕೆ ಇದೇ ಮೂಲಕಾರಣ.

ಬಲವರ್ಧನೆಯೆಂಬುದು ಎಷ್ಟರಮಟ್ಟಿಗೆ ನಿಜ? ಗುಳ್ಳೆಗಳಿಂದಾದ ಪದಾರ್ಥಗಳ ಯಂತ್ರಗುಣಗಳನ್ನು ಕುರಿತು ಲೋರ್ನಾ ಗಿಬ್ಸನ್ ಮತ್ತು ಮೈಕೇಲ್ ಆಶ್ಬಿ ಅವರು ನಿರೂಪಿಸಿದ ನಿಯಮದಂತೆ, ತೆರೆದ ಗುಳ್ಳೆಗಳ ಫೋಮಿನ ಬಿಗುಪು ಅದರ ಸಾಂದ್ರತೆಯ ವರ್ಗಕ್ಕೆ ಅನುಪಾತವಾಗಿ ಏರುತ್ತದೆ. ಆದುದರಿಂದ ನಾರು ಸೇರಿಸಿದಾಗ ಫೋಮ್ ಗಡುಸಾಯಿತೆಂದು ಹೇಳುವವರು, ಸಾಂದ್ರತೆ ಏರಿದುದರಿಂದ ಬಂದ ಲಾಭವೆಷ್ಟು, ನಾರಿನಿಂದ ಬಂದ ಲಾಭವೆಷ್ಟು ಎಂದು ಬಿಡಿಸಿ ತೋರಿಸಬೇಕು. ಗುಳ್ಳೆಯ ವ್ಯಾಸ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕೆಲವೇ ದಶಾಂಶಗಳು. ಗುಳ್ಳೆಗಳ ನಡುವಣ ಕಂಬಿಗಳು ಅದಕ್ಕಿಂತ ಎಷ್ಟೋ ಸಪೂರ. ತೆಂಗಿನ ನಾರಿನ ದಪ್ಪವಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದರಿಂದ ಅರ್ಧದವರೆಗೆ, ಅಂದರೆ ಹೆಚ್ಚುಕಡಿಮೆ ಇಡಿಯ ಗುಳ್ಳೆಯಷ್ಟೇ. ಅದು ಕಂಬಿಯ ಒಡಲಲ್ಲಿ ಅಡಗಲಾರದೆ ಗುಳ್ಳೆಗಳನ್ನು ಸೀಳಿಕೊಂಡು ಹಾದುಹೋಗುತ್ತದೆ. ಮಿಶ್ರಣದ ನೂರಕ್ಕೆ ಕೆಲವೇ ಪಾಲು ಸಣ್ಣಗೆ ಕತ್ತರಿಸಿದ ನಾರಿರುವಾಗ, ನಾರಿನ ಮೈಯಿಂದ ಗುಳ್ಳೆಗಳು ಹೆಚ್ಚಾಗಿ ಮೊಳೆತು ರಚನೆಯು ಸೂಕ್ಷ್ಮವಾಗುವುದೂ, ಒತ್ತಡವನ್ನು ತಾಳುವ ಶಕ್ತಿ ಏರುವುದೂ ಉಂಟು. ಪ್ರಮಾಣ ಮೀರಿದರೆ ದ್ರವವು ಮಂದವಾಗಿ, ನಾರು ಗಂಟುಗಟ್ಟಿ, ಗುಳ್ಳೆಗಳು ಹರಿದು, ಶಕ್ತಿ ಇಳಿಯುತ್ತದೆ. ನುಣ್ಣಗೆ ಅರೆದ ಸಿಪ್ಪೆಯ ಪುಡಿಯೋ ಸೆಲ್ಯುಲೋಸಿನ ಅತಿಸೂಕ್ಷ್ಮ ತಂತುಗಳೋ ಆದರೆ ಕಂಬಿಯೊಳಗೇ ಸೇರಿಕೊಳ್ಳಬಲ್ಲವು.

ಇದರಿಂದ ಉಪಯೋಗದ ದಾರಿಯೂ ಸ್ಪಷ್ಟವಾಗುತ್ತದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೈರಿಯಿದೆ. ಹಾಲನ್ನು 4 ಡಿಗ್ರಿಯಲ್ಲಿ ಕಾಪಾಡುವ ಶೀತಲ ಘಟಕಗಳ ಮತ್ತು ಟ್ಯಾಂಕರುಗಳ ಗೋಡೆಗಳಲ್ಲಿ ತುಂಬಿರುವುದು ಗಡಸು ಪಾಲಿಯುರೆಥೇನೇ. ಮೀಟರು-ಕೆಲ್ವಿನ್ನಿಗೆ 0.022ರಿಂದ 0.028 ವಾಟಿನಷ್ಟು ಕಡಮೆ ಇರುವ ಅದರ ಉಷ್ಣವಾಹಕತೆಯು ಮುಚ್ಚಿದ ಗುಳ್ಳೆಗಳಲ್ಲಿ ಸೆರೆಯಾದ ಅನಿಲದ ಪ್ರಸಾದ. ಗುಳ್ಳೆಗಳನ್ನು ಸೀಳುವ ನಾರು ಈ ಗುಣವನ್ನೇ ಕೆಡಿಸುವುದರಿಂದ, ಹಾಲಿನ ಘಟಕಗಳಿಗೆ ಸಸ್ಯಮೂಲ ಪಾಲಿಯಾಲ್ ಒಪ್ಪೀತೇ ಹೊರತು ತೆಂಗಿನ ನಾರು ಒಪ್ಪದು. ಶಬ್ದವನ್ನು ಹೀರುವ ಹಲಗೆಗಳಲ್ಲಿಯಾದರೆ ತೆರೆದ ಗುಳ್ಳೆಗಳೇ ಬೇಕು: ಶಬ್ದದ ಅಲೆಯು ಒಳಹೊಕ್ಕು ಗೋಡೆಗಳಿಗೂ ನಾರಿಗೂ ಉಜ್ಜಿ ಶಾಖವಾಗಿ ಕರಗಬೇಕು. ಪೊಟ್ಟಣ ಕಟ್ಟುವ ಮೆತ್ತೆ, ವಾಹನದ ಒಳಹೊದಿಕೆ, ಹಾಸಿಗೆಯ ಗಟ್ಟಿ ಪದರ ಇವುಗಳಲ್ಲಿಯೂ ನಾರು ಸಲ್ಲುತ್ತದೆ. ಹಾಸಿಗೆಯಲ್ಲಂತೂ ಕನ್ನಡನಾಡಿಗೆ ದೀರ್ಘ ಅನುಭವವಿದೆ. ಸುರುಳಿಗೊಳಿಸಿದ ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ ಬಲಿಸಿದ ಹಾಸಿಗೆಯನ್ನು ಮನೆಮಾತಾಗಿಸಿದ ಕುರ್ಲಾನ್ ಸಂಸ್ಥೆಯು 1962ರಲ್ಲಿ ಮಣಿಪಾಲದ ಪೈ ಕುಟುಂಬದವರಿಂದ ಆರಂಭವಾದುದು. ನಾರಿನ ಪದರದ ಮೇಲೆ ಪಾಲಿಯುರೆಥೇನಿನ ಪದರವನ್ನು ಅಂಟಿಸಿದ ಹಾಸಿಗೆಗಳು ಇಂದು ಎಲ್ಲ ಪೇಟೆಗಳಲ್ಲಿಯೂ ದೊರೆಯುತ್ತವೆ. ರಬ್ಬರಿನ ಹಾಲು ನೀರಿನಲ್ಲಿಯೇ ತೇಲುವ ದ್ರವ್ಯವಾದುದರಿಂದ ಆ ವಿಧಾನವು ನಾರಿನ ತೇವಕ್ಕೆ ಅಂಜುವುದಿಲ್ಲ. ಪದರಗಳಾಗಿ ಕೂಡಿರುವ ಎರಡನ್ನೂ ಒಂದೇ ಒಡಲಾಗಿಸುವುದು ನಾರುಗೂಡಿದ ಫೋಮಿನ ಉದ್ದೇಶ.

ತಯಾರಿಕೆಯ ಅಪಾಯಗಳನ್ನು ಮರೆಮಾಚಲಾಗದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದ ಮೀಥೈಲ್ ಐಸೊಸಯನೇಟು ಕೀಟನಾಶಕದ ತಯಾರಿಕೆಗೆ ಬಳಕೆಯಾಗುತ್ತಿದ್ದುದೇ ಹೊರತು ಫೋಮಿಗಲ್ಲ. 39 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುವ ಅದಕ್ಕೂ, ಸಾಮಾನ್ಯ ಉಷ್ಣತೆಯಲ್ಲಿ ಆವಿಯೇಳುವುದೇ ಅಪರೂಪವಾದ ಎಂಡಿಐಗೂ ಅಪಾಯದ ಪ್ರಮಾಣದಲ್ಲಿ ಬಹಳ ಅಂತರವಿದೆ. ಆದರೂ ಕುಲ ಒಂದೇ. ಮೆದು ಫೋಮಿಗೆ ಬಳಸುವ ಟಿಡಿಐ ಎಂಬ ಐಸೊಸಯನೇಟಿನ ಆವಿಯನ್ನಾಗಲಿ, ಎಂಡಿಐಯ ತುಂತುರನ್ನಾಗಲಿ ಪದೇಪದೇ ಉಸಿರಾಡಿದ ಕೆಲಸಗಾರರಿಗೆ ಬಿಡದ ಉಬ್ಬಸ ಅಂಟಿಕೊಳ್ಳುವುದುಂಟು. ಒಮ್ಮೆ ಹೀಗಾದವರಿಗೆ ಅನಂತರ ಅತ್ಯಲ್ಪ ಪ್ರಮಾಣವೂ ಸಲ್ಲದು. ಗುಡಿಕೈಗಾರಿಕೆಯ ಉತ್ಸಾಹದಲ್ಲಿ, ಕಿಟಕಿಯಿಲ್ಲದ ಕೊಠಡಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಕೆಲಸ ಇದಲ್ಲ. ಹರಳುಬೀಜವನ್ನು ಒಕ್ಕುವುದನ್ನೂ ಮಟ್ಟೆ ಬಿಡಿಸುವುದನ್ನೂ ನಾರು ಒಣಗಿಸುವುದನ್ನೂ ಹಳ್ಳಿಯಲ್ಲಿ ನಡೆಸಿ, ಐಸೊಸಯನೇಟು ಸೇರಿಸುವ ಕೆಲಸವನ್ನು ಮಾತ್ರ ಗಾಳಿಯ ಹರಿವೂ ವೈದ್ಯಕೀಯ ತಪಾಸಣೆಯೂ ಇರುವ ಕಾರ್ಖಾನೆಗೆ ಬಿಡುವುದು ಯುಕ್ತ.

ಗಡಸು ಫೋಮನ್ನು ಉಬ್ಬಿಸಲು ಹಿಂದೆ ಬಳಸುತ್ತಿದ್ದ ಕ್ಲೋರೊಫ್ಲೋರೊಕಾರ್ಬನ್ನುಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಕೈಬಿಡಲಾಯಿತು. ಅವುಗಳ ಸ್ಥಾನಕ್ಕೆ ಬಂದ ಎಚ್‌ಸಿಎಫ್‌ಸಿ-141ಬಿ ಎಂಬುದನ್ನೂ ಭಾರತವು 2020ರ ಆರಂಭದಿಂದ ನಿಲ್ಲಿಸಿರುವುದರಿಂದ, ನೀರಿನಿಂದಲೂ ಸೈಕ್ಲೊಪೆಂಟೇನಿನಿಂದಲೂ ಉಬ್ಬಿಸುವ ಕ್ರಮಗಳು ಮುಂದೆ ಬಂದಿವೆ.

ಸಸ್ಯದಿಂದ ಬಂದ ಫೋಮ್ ಮಣ್ಣಿನಲ್ಲಿ ಎಲೆಯಂತೆ ಕೊಳೆತು ಸೇರಿಹೋಗುತ್ತದೆಂಬ ಭಾವನೆ ಜನರಲ್ಲಿ ಬೇರೂರಿದೆ. ಅದು ಸರಿಯಲ್ಲ. ಎಣ್ಣೆಯು ಗಿಡದ್ದಾದರೂ ಯುರೆಥೇನಿನ ಬಲೆಯು ಬಲಿತ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಬೇಗ ಅರಗಿಸಲಾರವು. ಹರಳೆಣ್ಣೆಯ ಎಸ್ಟರ್ ಬಂಧಗಳೂ ಒಳಗಿನ ನಾರೂ ಅವುಗಳಿಗೆ ಸ್ವಲ್ಪ ಪ್ರವೇಶ ಕೊಟ್ಟಾವು, ಅಷ್ಟೆ. ಬೆಂಕಿಯಲ್ಲಿಯೂ ಸಸ್ಯಮೂಲವೆಂಬ ವಿನಾಯಿತಿಯಿಲ್ಲ: ಉರಿಯುವಾಗ ಇಂಗಾಲದ ಮಾನಾಕ್ಸೈಡಿನೊಡನೆ ಹೈಡ್ರೋಜನ್ ಸಯನೈಡೂ ಏಳುವುದರಿಂದ, ಹಳೆಯ ಫೋಮನ್ನು ಕಸದೊಡನೆ ಬಯಲಿನಲ್ಲಿ ಸುಡುವುದು ಸರ್ವಥಾ ಕೂಡದು. ಬಳಸಿ ಉಳಿದ ಮೆದು ಫೋಮನ್ನು ಚೂರುಮಾಡಿ, ಅಂಟು ಬೆರೆಸಿ, ಒತ್ತಿ, ಗಟ್ಟಿಯಾದ ಹಾಸುಗಳನ್ನಾಗಿ ಮಾಡುವ ಉದ್ಯಮವು ದೇಶದಲ್ಲಿ ಚೆನ್ನಾಗಿ ಬೆಳೆದಿದೆ. ನಾರುಗೂಡಿದ ಫೋಮಿಗೂ ಈ ದಾರಿ ತೆರೆದಿದೆ, ಏಕೆಂದರೆ ಚೂರುಗಳ ಒಳಗಿನ ನಾರು ಅಂಟಿಗೆ ಅಡ್ಡಿಬಾರದು. ಗ್ಲೈಕೋಲಿನಲ್ಲಿ ಕಾಯಿಸಿ ಯುರೆಥೇನ್ ಬಂಧಗಳನ್ನು ಬಿಡಿಸಿ ಪಾಲಿಯಾಲನ್ನು ಹಿಂಪಡೆಯುವ ಇನ್ನೊಂದು ದಾರಿಯಲ್ಲಿ ಮಾತ್ರ ನಾರನ್ನು ಬಿಸಿದ್ರವದಿಂದ ಸೋಸಿ ತೆಗೆಯುವ ಕೆಲಸ ಹೆಚ್ಚಾಗುತ್ತದೆ, ಮತ್ತು ಹಾಗೆ ಸೋಸಿದ ನಾರಿನಲ್ಲಿ ಗ್ಲೈಕೋಲು ಹೀರಿಕೊಂಡಿರುವುದರಿಂದ ಅದು ಮತ್ತೆ ಫೋಮಿಗೆ ಸೇರುವುದಕ್ಕೆ ಮೊದಲು ತೊಳೆಯಬೇಕಾಗುತ್ತದೆ, ತೊಳೆದ ಮೇಲೆ ಮತ್ತೊಮ್ಮೆ ಒಣಗಿಸಬೇಕಾಗುತ್ತದೆ.